ಹೊಲಕ್ಕೆ ಹೋಗುವ ಮುಂಚೆ ಎರಡು ಲೋಟ

ಜಗಳೂರು ತಾಲ್ಲೂಕಿನ ಬಿಳಿಚೋಡು ಸೀಮೆಯಲ್ಲಿ ಈರುಳ್ಳಿ ಕಳೆ ತೆಗೆಯಲು, ಶೇಂಗಾ ಕೀಳಲು ಹೋಗುವ ಹೆಣ್ಣುಮಕ್ಕಳನ್ನು 'ಯಾಕ್ರವ್ವಾ, ನೀರು ಇಷ್ಟು ಕಮ್ಮಿ ಕುಡೀತೀರಿ?' ಅಂತ ಕೇಳಿ ನೋಡಿ. 'ಕುಡಿದ್ರೆ ಒಂದಕ್ಕೆ ಹೋಗ್ಬೇಕಲ್ರೀ, ಈ ಬಯಲಾಗೆ ಎಲ್ಲಿಗೋಗಾದು?' ಅಂದಾರು. ನೀರು ಕುಡಿಯಿರಿ ಎಂದು ಬುದ್ಧಿ ಹೇಳುವವರು ಮೊದಲು ಈ ಮಾತಿಗೆ ಉತ್ತರ ಕೊಡಬೇಕು. ಹೊಲದ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಹಳೆ ಸೀರೆಯ ಮರೆ ಕಟ್ಟಿಸುವುದು ಹೊಲದ ಯಜಮಾನರಿಗೆ ದೊಡ್ಡ ಖರ್ಚೇನಲ್ಲ. ನೀರು ಬಿಟ್ಟು, ಮೂತ್ರವನ್ನೂ ತಡೆದರೆ ಉರಿಮೂತ್ರ, ಸೋಂಕು ಬರುತ್ತವೆ. ಕಿಡ್ನಿಯಲ್ಲಿ ಕಲ್ಲು ಕಟ್ಟುವ ಸಂಭವವೂ ಹೆಚ್ಚು.

ದಿನಕ್ಕೆ ಎಂಟು ಲೋಟ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ನನಗದು ಒಪ್ಪಿಗೆಯಿಲ್ಲ. ಚನ್ನಗಿರಿಯ ಅಡಿಕೆ ತೋಟದ ನೆರಳಲ್ಲಿ ಕೂತವರಿಗೂ ಜಗಳೂರಿನ ಎರೆಹೊಲದ ಬಿಸಿಲಲ್ಲಿ ಬಗ್ಗಿದವರಿಗೂ ಒಂದೇ ಅಳತೆ ಹೇಗಾದೀತು? ಬಿರುಬಿಸಿಲಲ್ಲಿ ಮೈಮುರಿದು ದುಡಿದರೆ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿಯಬಹುದು. ನೀರಡಿಕೆ ಆಗುವಷ್ಟರಲ್ಲಿ ಮೈಯಲ್ಲಿ ನೀರು ತುಸು ಇಳಿದೇ ಇರುತ್ತದೆ. ವಯಸ್ಸಾದವರಿಗಂತೂ ನೀರಡಿಕೆ ಸರಿಯಾಗಿ ಗೊತ್ತಾಗುವುದೇ ಇಲ್ಲ. ಮನೆಯವರೇ ಆಗಾಗ ಲೋಟ ಕೈಗೆ ಕೊಡಬೇಕು. ಅಳತೆ ಬೇಕೆಂದರೆ ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿಹಳದಿ ಇದ್ದರೆ ಸರಿ, ಕಡುಹಳದಿಯಾದರೆ ನೀರು ಸಾಲದು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಬೆಳಿಗ್ಗೆ ಬುತ್ತಿ ಕಟ್ಟುವಾಗಲೇ ಎರಡು ಲೋಟ ಕುಡಿಯಿರಿ. ಮನೆ ಬಿಡುವ ಮುಂಚೆ ಒಂದಕ್ಕೆ ಹೋಗಿಬರಲೂ ಸಮಯ ಸಿಗುತ್ತದೆ. ಹೊಲದಲ್ಲಿ ಸಾಲು ತಿರುಗಿದಾಗೆಲ್ಲ ನಾಲ್ಕು ಗುಟುಕು. ಒಮ್ಮೆಗೇ ಚೊಂಬುಗಟ್ಟಲೆ ಸುರಿದುಕೊಳ್ಳುವುದಕ್ಕಿಂತ ಇದು ಮೇಲು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ ಬಾಟಲಿ ಜ್ಯೂಸಿಗಿಂತ ಎಷ್ಟೋ ಪಾಲು ಉತ್ತಮ. ಟೀ ಕೂಡ ನೀರಿನ ಲೆಕ್ಕಕ್ಕೆ ಸೇರುತ್ತದೆ, ಸಕ್ಕರೆಯ ಮೇಲೆ ಮಾತ್ರ ಕಣ್ಣಿರಲಿ. ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರು ಹೇಳಿದಷ್ಟೇ ಕುಡಿಯಬೇಕು.

ಇನ್ನು ಯಾವ ನೀರು? ಜಗಳೂರು ತಾಲ್ಲೂಕಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಕೀಲು ಬಿಗಿಯುತ್ತದೆ. ಕುದಿಸಿದರೆ ಹೋಗುತ್ತದೆ ಅಂದುಕೊಂಡವರಿದ್ದಾರೆ. ಇಲ್ಲ, ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ, ಸಾಂದ್ರತೆ ಏರುತ್ತದೆ. ಅದಕ್ಕೇ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ಕ್ಯಾನು ಕುಡಿಯಲಿಕ್ಕೆ, ಅಡಿಗೆಗೆ ಇರಲಿ. ಬೋರಿನ ನೀರು ಬಟ್ಟೆ ಪಾತ್ರೆಗೆ. ಕ್ಯಾನನ್ನು ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆಯಿರಿ, ಒಳಗೆ ಪಾಚಿ ಹಿಡಿದಿರುತ್ತದೆ.

ವಾಂತಿ ಭೇದಿಯಾದಾಗ ಬರೀ ನೀರು ಸಾಲದು. ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಅದಿಲ್ಲದ ರಾತ್ರಿ, ಕುದಿಸಿ ಆರಿಸಿದ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಬಿಸಿಲಲ್ಲಿ ದುಡಿದವರು ಮೈ ಕಾದು, ತಡವರಿಸಿ ಮಾತಾಡಲು ಶುರುಮಾಡಿದರೆ ನೀರು ಕುಡಿಸುತ್ತಾ ಕೂರಬೇಡಿ. ನೆರಳಿಗೆ ತಂದು, ಮೈಗೆ ನೀರು ಹೊಯ್ದು, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.