ಸೆರಾಂಪುರದ ಬೆಂಕಿ ಮತ್ತು ದೈವದ ಮೇಲಿನ ಭರವಸೆ



‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಗಾದೆ ನಮ್ಮ ಬಾಯಿಗೆ ಬರುವುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ಕೈತಪ್ಪಿದ್ದಕ್ಕಿಂತ ಒಳ್ಳೆಯದು ಸಿಕ್ಕಿದ್ದರೆ ನಗುತ್ತ ಹೇಳುತ್ತೇವೆ, ಸಿಗದಿದ್ದರೆ ನಿಟ್ಟುಸಿರಿನೊಂದಿಗೆ. ಆದರೆ ದೈವ ಬಗೆದದ್ದೇನೆಂದು ಇನ್ನೂ ತಿಳಿಯದ ನಡುಗಾಲ ಒಂದಿರುತ್ತದೆ. ಆಗ ದೇವರನ್ನು ನಂಬಿದವರು ಹೇಗೆ ನಡೆದುಕೊಳ್ಳಬೇಕು? ಇಂದಿನ ಪ್ರಶ್ನೆ ಇದು. ಬರಿಯ ತತ್ತ್ವವಾಗಿ ಚರ್ಚಿಸುವ ಬದಲು ಕ್ರೈಸ್ತ ಮಿಷನರಿ ವಿಲಿಯಂ ಕೇರಿ (1761–1834) ಅವರ ಬದುಕಿನಲ್ಲಿಟ್ಟು ಇದನ್ನು ನೋಡೋಣ. ಕನ್ನಡಕ್ಕೂ ಅವರಿಗೂ ನಂಟಿದೆ.

1. ತಪ್ಪಿದ ದಾರಿಗಳು

ಇಂಗ್ಲೆಂಡಿನಲ್ಲಿ ಜೋಡು ಹೊಲಿದು ಬದುಕುತ್ತಿದ್ದ ಕೇರಿ, ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ಕಥನಗಳನ್ನು ಓದಿ ತಾಹಿತಿ ದ್ವೀಪಕ್ಕೆ ಹೋಗಬೇಕೆಂದಿದ್ದರು. ಜಾನ್ ಥಾಮಸ್ ಎಂಬ ವೈದ್ಯರ ಮಾತು ಅವರನ್ನು ಬಂಗಾಳದತ್ತ ತಿರುಗಿಸಿತು. 1793ರಲ್ಲಿ ಹಡಗು ಹತ್ತಿದರೆ, ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲವೆಂದು ಇಂಗ್ಲೆಂಡಿನ ತೀರದಲ್ಲೇ ಕೆಳಗಿಳಿಸಿದರು. ಕೊನೆಗೆ ಡೇನಿಷ್ ಹಡಗೊಂದು ಸಿಕ್ಕಿತು. ಮುಂದೆ 1799ರಲ್ಲಿ ಇಂಗ್ಲೆಂಡಿನಿಂದ ಬಂದ ಜೊತೆಗಾರರಿಗೆ ತನ್ನ ಸೀಮೆಯಲ್ಲಿ ನೆಲೆಸಲು ಕಂಪನಿ ಬಿಡಲಿಲ್ಲ. ಕೇರಿ ತಮ್ಮ ನೀಲಿ ತೋಟದ ಲೆಕ್ಕಾಚಾರವನ್ನೆಲ್ಲ ಬಿಟ್ಟು 1800ರ ಜನವರಿಯಲ್ಲಿ ಡೇನಿಷರ ಆಡಳಿತದಲ್ಲಿದ್ದ ಸೆರಾಂಪುರಕ್ಕೆ ಹೋಗಿ ಅವರನ್ನು ಸೇರಿಕೊಂಡರು. ಭಾರತದ ಹಲವು ಭಾಷೆಗಳಿಗೆ ಅಚ್ಚಿನ ಅಕ್ಷರ ಒದಗಿಸಿದ ಮುದ್ರಣಾಲಯ ಹುಟ್ಟಿದ್ದು ಅವರು ಆರಿಸಿಕೊಳ್ಳದ ಈ ಊರಿನಲ್ಲಿ.

ಇಲ್ಲಿಗೇ ನಿಲ್ಲಿಸಿದರೆ ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎಂದು ಮಂಗಳ ಹಾಡಿಬಿಡಬಹುದು. ಅವರ ಪತ್ನಿ ಡೊರೊಥಿಯ ಬದುಕು ಹಾಗೆ ಹಾಡಲು ಬಿಡುವುದಿಲ್ಲ. ಭಾರತಕ್ಕೆ ಬರಲು ಆಕೆ ಮೊದಲು ಒಪ್ಪಿರಲಿಲ್ಲ. ಹಡಗು ತಪ್ಪಿ ಪ್ರಯಾಣ ತಡವಾಯಿತಲ್ಲ, ಆ ಬಿಡುವಿನಲ್ಲಿ ಬಲವಂತ ಮಾಡಿ, ತಂಗಿಯೂ ಜೊತೆಗೆ ಬರುವುದಾದರೆ ಎಂಬ ಷರತ್ತಿನ ಮೇಲೆ ಒಪ್ಪಿಸಿದರು. 1794ರಲ್ಲಿ ಅವರ ಪುಟ್ಟ ಮಗ ಪೀಟರ್ ತೀರಿಕೊಂಡ. ಆ ಮೇಲೆ ಆಕೆಯ ಮನಸ್ಸಿನ ಸ್ಥಿಮಿತ ಕೆಟ್ಟಿತು. 1807ರಲ್ಲಿ ಸಾಯುವವರೆಗೂ ನೆಟ್ಟಗಾಗಲಿಲ್ಲ. ಗಂಡನ ಪಾಲಿಗೆ ದೈವಕೃಪೆಯಾಗಿ ಕಂಡ ಅದೇ ತಡ ಹೆಂಡತಿಯ ಪಾಲಿಗೆ ಏನಾಯಿತು? ಭರವಸೆಯ ಕುರಿತು ಮಾತಾಡುವವರು ಈ ಪ್ರಶ್ನೆಯನ್ನು ದಾಟಿ ಹೋಗಬಾರದು. ದೇವರ ಚಿತ್ತವೆಂದು ನಾನು ನನ್ನ ನಷ್ಟವನ್ನು ಹೊರಬಹುದು. ಅದೇ ಮಾತು ಹೇಳಿ ಇನ್ನೊಬ್ಬರ ಹೆಗಲ ಮೇಲೆ ಹೊರೆ ಇಡುವ ಹಕ್ಕು ನನಗಿಲ್ಲ.

2. ಮಾರ್ಚ್ 11, 1812

ಅಂದು ಸಂಜೆ ಮುದ್ರಣಾಲಯದ ಕಾಗದದ ದಾಸ್ತಾನಿಗೆ ಬೆಂಕಿ ಬಿತ್ತು. ಕೇರಿ ಕಲ್ಕತ್ತೆಯಲ್ಲಿದ್ದರು. ಮುದ್ರಣದ ಹೊಣೆ ಹೊತ್ತಿದ್ದ ವಿಲಿಯಂ ವಾರ್ಡ್ ಗಾಳಿಯಾಡದಂತೆ ಕಿಟಕಿ ಬಾಗಿಲು ಮುಚ್ಚಿಸಿ, ಚಾವಣಿ ಒಡೆಸಿ ಮೇಲಿನಿಂದ ನೀರು ಸುರಿಸಿದರು. ಗಂಟೆಗಟ್ಟಲೆ ಬೆಂಕಿ ಹತೋಟಿಯಲ್ಲಿತ್ತು. ಯಾರೋ ಒಳ್ಳೆಯ ಉದ್ದೇಶದಿಂದಲೇ ಕಿಟಕಿ ತೆರೆದರು. ಗಾಳಿ ನುಗ್ಗಿ ಕಟ್ಟಡವೆಲ್ಲ ಹೊತ್ತಿಕೊಂಡಿತು. ಅಚ್ಚುಮೊಳೆಗಳು ಕರಗಿ ಸೀಸದ ಗಟ್ಟಿಗಳಾದವು. ಬಂಗಾಳಿ ನಿಘಂಟಿನ ಹಲವು ಪುಟ, ತೆಲುಗು ವ್ಯಾಕರಣ, ಸಂಸ್ಕೃತದ ಕೆಲಸ ಬೂದಿಯಾದವು. ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಉಳಿಯಲಿಲ್ಲ.

ಮರುದಿನ ಸುದ್ದಿ ತಿಳಿದು ಕೇರಿ ಬಂದರು. ನಂತರದ ಭಾನುವಾರ ಅವರು ಪ್ರಸಂಗಕ್ಕೆ ಎತ್ತಿಕೊಂಡದ್ದು ದೇವರೇ ಆಶ್ರಯವೆಂದು ಸಾರುವ, ಬೈಬಲಿನ 46ನೆಯ ಕೀರ್ತನೆಯನ್ನು. ಆದರೆ ಅವರು ಆ ನಷ್ಟವನ್ನು ಅಲ್ಲಗಳೆಯಲಿಲ್ಲ. ಇಂಗ್ಲೆಂಡಿನ ಗೆಳೆಯರಿಗೆ ಬರೆದ ಪತ್ರದಲ್ಲಿ, ಏನೇನು ಹೋಯಿತೆಂದು ಹೆಸರು ಹಿಡಿದು ಪಟ್ಟಿಮಾಡಿದ್ದಾರೆ. ಈ ಪೆಟ್ಟು ಬಹುಕಾಲ ಕಾಡುತ್ತದೆಂದೂ, ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸುಲಭವೆಂದೂ ಹೇಳಿಕೊಂಡಿದ್ದಾರೆ.

ಅತ್ತ ಬೂದಿ ಕೆದಕಿದ ಕೆಲಸಗಾರರಿಗೆ ಅಕ್ಷರ ಕೊರೆದ ಉಕ್ಕಿನ ಪಂಚುಗಳೂ, ಅವನ್ನು ಒತ್ತಿ ಮಾಡಿದ ಮಾತೃಕೆಗಳೂ ಸಿಕ್ಕವು. ಅಚ್ಚಿನ ಕೆಲಸ ಬಲ್ಲವರಿಗೆ ಇದರ ಬೆಲೆ ಗೊತ್ತು. ಕಾಗದ ಕೊಳ್ಳಬಹುದು, ಸೀಸ ಕರಗಿಸಬಹುದು. ಎಲ್ಲ ಅಕ್ಷರಗಳ ಪಂಚುಗಳನ್ನೂ ಕೈಯಿಂದ ಕೊರೆಯಲು ವರ್ಷಗಳು ಬೇಕು. ಆ ವಿದ್ಯೆಯನ್ನು ಅಲ್ಲಿ ನೆಲೆಗೊಳಿಸಿದವರು ಪಂಚಾನನ ಕರ್ಮಕಾರ. ಅವರ ಅಳಿಯ ಮನೋಹರ ಅದನ್ನು ಮುಂದುವರಿಸಿದ್ದರು. ಕರಗಿದ ಲೋಹವನ್ನೇ ಮತ್ತೆ ಎರಕ ಹೊಯ್ದರು. ಪಕ್ಕದ ಖಾಲಿ ಉಗ್ರಾಣದಲ್ಲಿ ಕೆಲವೇ ವಾರಗಳಲ್ಲಿ ಮುದ್ರಣ ಮತ್ತೆ ಶುರುವಾಯಿತು.

3. ಯಾರ ಕೈಯಿಂದಾದರೂ

ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಿಂದ ಹೊರಬಂತು. ಕನ್ನಡದ ಹೊಸ ಒಡಂಬಡಿಕೆಯನ್ನೂ ಅಲ್ಲಿ ಮರಳಿ ಸಿದ್ಧಪಡಿಸಿದರು. ಆದರೆ ಸಂಪೂರ್ಣ ಕನ್ನಡ ಬೈಬಲ್ ಸಿದ್ಧವಾದದ್ದು ಬೇರೊಂದು ಊರಿನಲ್ಲಿ, ಬೇರೆಯವರ ದುಡಿಮೆಯಿಂದ. 1810ರಿಂದ ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಅದನ್ನು ಮುಗಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇಲ್ಲಿದೆ. ಕಳೆದುಕೊಂಡದ್ದನ್ನು ದೇವರು ನನಗೇ ಹಿಂತಿರುಗಿಸುತ್ತಾನೆ ಎಂದು ನಂಬುವುದು ವ್ಯವಹಾರ. ನನ್ನ ಕೈಯಲ್ಲಿ ನಿಂತ ಕೆಲಸ ಇನ್ನಾರದೋ ಕೈಯಲ್ಲಿ ಪೂರ್ತಿಯಾದರೂ ಅದು ದೇವರ ಕೆಲಸವೇ ಎಂದು ಒಪ್ಪಿಕೊಳ್ಳುವುದು ಭರವಸೆ. ಫಲದ ಹಂಬಲ ಬಿಟ್ಟು ದುಡಿಯಬೇಕೆಂದು ಗೀತೆಯಲ್ಲಿ ಓದಿದವರಿಗೆ ಈ ಮಾತು ಹೊಸದೇನಲ್ಲ.

ಹಣೆಬರಹವೆಂದು ಕೈಕಟ್ಟಿ ಕೂರುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಹಣೆಬರಹವೆಂದುಕೊಂಡವನು ಬೂದಿ ಕೆದಕುವುದಿಲ್ಲ. ನಂಬಿದವನು ಕೆದಕುತ್ತಾನೆ, ಹೋದದ್ದನ್ನೂ ಉಳಿದದ್ದನ್ನೂ ಲೆಕ್ಕ ಹಾಕುತ್ತಾನೆ, ‘ಏಕೆ?’ ಎಂಬುದಕ್ಕೆ ಉತ್ತರ ಬರುವ ಮುನ್ನವೇ ಕೆಲಸಕ್ಕೆ ಕೈಹಾಕುತ್ತಾನೆ. ಮುರಿದುಬಿದ್ದ ಮದುವೆಯ ಮನೆಗೋ, ಕೆಲಸ ಕಳೆದುಕೊಂಡವರ ಮನೆಗೋ ನಾಳೆ ನೀವು ಹೋಗಬೇಕಾಗಿ ಬಂದರೆ, ದೇವರ ಉದ್ದೇಶ ಇಂಥದ್ದೇ ಎಂದು ವಿವರಿಸಲು ಹೋಗಬೇಡಿ. ನೀವು ಅವನ ವಕೀಲರಲ್ಲ. ಏನು ಉಳಿದಿದೆಯೆಂದು ಕೇಳಿ, ಅದನ್ನು ಹೆಕ್ಕಲು ಕೈಜೋಡಿಸಿ.