ದೇವರ ಹೆಸರಿಲ್ಲದ ಪ್ರಮಾಣ

ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ನಾಸ್ತಿಕರ ಸಾಕ್ಷ್ಯಕ್ಕೆ ಬೆಲೆಯಿರಲಿಲ್ಲ. ನರಕದ ಭಯವಿಲ್ಲದವರು ನಿಜ ಹೇಳಿಯಾರೇ ಎಂಬುದು ಕಾನೂನಿನ ಅನುಮಾನ. ಆಣೆಯಿಡುವುದೇ ತಪ್ಪು ಎನ್ನುತ್ತಿದ್ದ ಕ್ವೇಕರ್ ಪಂಥದವರಿಗೆ ವಿನಾಯಿತಿ ಮೊದಲೇ ದೊರೆತಿತ್ತು. ನಾಸ್ತಿಕ ಸಾಕ್ಷಿಗಳು ಆಣೆಯ ಬದಲು ಪ್ರತಿಜ್ಞೆ ಮಾಡಬಹುದೆಂಬ ಕಾಯಿದೆ ಬಂದದ್ದು 1869ರಲ್ಲಿ. ಅದರಲ್ಲಿ ಸಂಸತ್ ಸದಸ್ಯರ ಪ್ರಮಾಣವಚನದ ಮಾತಿರಲಿಲ್ಲ.

ಆ ಕೊರತೆಯನ್ನು ಬಯಲಿಗೆಳೆದವರು ಚಾರ್ಲ್ಸ್ ಬ್ರ್ಯಾಡ್ಲಾ. 1833ರಲ್ಲಿ ಲಂಡನ್ನಿನ ಗುಮಾಸ್ತನೊಬ್ಬನ ಮಗನಾಗಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಚರ್ಚಿನ ಮೂವತ್ತೊಂಬತ್ತು ಸೂತ್ರಗಳಿಗೂ ಸುವಾರ್ತೆಗಳಿಗೂ ತಾಳೆಯಾಗದ್ದನ್ನು ಕಂಡು ಪಾದ್ರಿಯನ್ನು ವಿಚಾರಿಸಿದರು. ಉತ್ತರ ಸಿಗಲಿಲ್ಲ, ನಾಸ್ತಿಕನೆಂಬ ಹಣೆಪಟ್ಟಿ ಸಿಕ್ಕಿತು, ಮನೆಯೂ ತಪ್ಪಿತು. ಆ ಹುಡುಗ ಆಗಿನ್ನೂ ನಾಸ್ತಿಕನಾಗಿರಲಿಲ್ಲ. ಅವನನ್ನು ಆ ದಾರಿಗೆ ನೂಕಿದ್ದರಲ್ಲಿ ಪಾದ್ರಿಯ ಪಾಲೂ ಇದೆ.

1880ರಲ್ಲಿ ನಾರ್ಥ್‌ಹ್ಯಾಂಪ್ಟನ್ ಕ್ಷೇತ್ರದಿಂದ ಗೆದ್ದು ಬಂದ ಬ್ರ್ಯಾಡ್ಲಾ, ಪ್ರತಿಜ್ಞೆಗೆ ಅವಕಾಶ ಕೇಳಿದರು. ಸದನ ಒಪ್ಪಲಿಲ್ಲ. ಹಾಗಾದರೆ ದೇವರ ಹೆಸರಿನಲ್ಲೇ ಪ್ರಮಾಣ ಮಾಡುತ್ತೇನೆಂದರು; ನಂಬದವನ ಬಾಯಲ್ಲಿ ಆ ಮಾತು ಸಲ್ಲದೆಂದು ಅದನ್ನೂ ತಡೆದರು. ಒಂದು ರಾತ್ರಿ ಸಂಸತ್ತಿನ ಗಡಿಯಾರ ಗೋಪುರದಲ್ಲೇ ಅವರನ್ನು ಕೂಡಿಹಾಕಲಾಯಿತು. ಮುಂದಿನ ವರ್ಷ ಆವರಣದಿಂದ ಎಳೆದು ಹೊರಹಾಕಲಾಯಿತು. ಮತದಾರರೂ ಹಟ ಬಿಡದೆ ಉಪಚುನಾವಣೆಗಳಲ್ಲಿ ಮತ್ತೆಮತ್ತೆ ಅವರನ್ನೇ ಆರಿಸಿ ಕಳಿಸಿದರು. ಕೊನೆಗೆ 1886ರಲ್ಲಿ ಸಭಾಧ್ಯಕ್ಷರು ಯಾರ ಆಕ್ಷೇಪಕ್ಕೂ ಕಿವಿಗೊಡದೆ ಪ್ರಮಾಣ ಮಾಡಿಸಿದರು. ಎರಡು ವರ್ಷಗಳಲ್ಲಿ, ಬ್ರ್ಯಾಡ್ಲಾ ಅವರೇ ಮುಂದೆ ನಿಂತು, ದೇವರ ಹೆಸರಿಲ್ಲದ ಪ್ರತಿಜ್ಞೆಯನ್ನು ಸಂಸತ್ತಿಗೂ ವಿಸ್ತರಿಸುವ ಕಾಯಿದೆ ತಂದರು.

ಭಾರತದ ಪರ ಅವರು ಎಷ್ಟು ಮಾತಾಡಿದರೆಂದರೆ ಅವರನ್ನು ಭಾರತದ ಸದಸ್ಯರೆಂದೇ ಕರೆಯುತ್ತಿದ್ದರು. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. 1891ರಲ್ಲಿ ತೀರಿಕೊಂಡಾಗ, ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿಯೂ ಇದ್ದರು. ಇತ್ತ ಬ್ರ್ಯಾಡ್ಲಾರ ಒಡನಾಡಿ ಆನಿ ಬೆಸೆಂಟ್ ಆ ವೇಳೆಗಾಗಲೇ ನಾಸ್ತಿಕತೆ ತೊರೆದು ಥಿಯಾಸಫಿಗೆ ಸೇರಿದ್ದರು. ನಂಬಿಕೆ ಬಿಟ್ಟವರೆಲ್ಲ ಬಿಟ್ಟೇ ಇರುವುದಿಲ್ಲ.

ದೇವರ ಹೆಸರಿನ ಇದೇ ಪ್ರಶ್ನೆ 1949ರ ಅಕ್ಟೋಬರ್ 17ರಂದು ದೆಹಲಿಯ ಸಂವಿಧಾನ ಸಭೆಯಲ್ಲಿ ಬೇರೆ ರೂಪದಲ್ಲಿ ಎದ್ದಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್, ಸಂವಿಧಾನದ ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ಹಾಗಿದ್ದರೆ ದೇವಿಯ ಹೆಸರೇಕೆ ಬೇಡ ಎಂದು ಅಸ್ಸಾಮಿನ ಸದಸ್ಯರೊಬ್ಬರು ಕೇಳಿದರು. ಹೃದಯನಾಥ ಕುಂಜ್ರು ಅವರ ವಿರೋಧಕ್ಕೆ ಹೆಚ್ಚು ತೂಕವಿತ್ತು: ಅಷ್ಟು ಪವಿತ್ರವಾದ ಭಾವನೆಯನ್ನು ಯಾರ ಮೇಲೂ ಹೇರಬಾರದು ಎಂಬುದು ಅವರ ವಾದದ ತಿರುಳು. ಮತಕ್ಕೆ ಹಾಕಿದಾಗ 41 ಮಂದಿ ಕಾಮತರ ಪರ, 68 ಮಂದಿ ವಿರುದ್ಧ ನಿಂತರು.

ಅದೇ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳು, ಶಾಸಕರು, ನ್ಯಾಯಾಧೀಶರು ಹೇಳಬೇಕಾದ ಪ್ರಮಾಣವಚನಗಳಿವೆ. ದೇವರ ಹೆಸರಿನ ಆಣೆ, ಆ ಹೆಸರಿಲ್ಲದ ಪ್ರತಿಜ್ಞೆ, ಎರಡಕ್ಕೂ ಅಲ್ಲಿ ಜಾಗವಿದೆ. ಆಯ್ಕೆಗೆ ಕಾರಣ ಕೊಡಬೇಕಾಗಿಲ್ಲ.