ಮೊದಲ 56 ಬಿಟ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)

ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಏನು ಕೆಲಸ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ನಾನು ಡ್ರೈವರ್ ಬರೆಯುವವನು. ಬಸ್ಸಿನದಲ್ಲ, ಕಂಪ್ಯೂಟರನ್ನು ನೆಟ್‌ವರ್ಕ್ ಕೇಬಲ್‌ಗೆ ಜೋಡಿಸುವ ಚಿಪ್ ಇರುತ್ತದಲ್ಲ, ಅದನ್ನು ನಡೆಸುವ ಪ್ರೋಗ್ರಾಂ. ಆ ಚಿಪ್ ಕಲಿಸಿದ ಒಂದು ಪಾಠವನ್ನು ಇಲ್ಲಿ ಹೇಳುತ್ತೇನೆ.

ಹಳೆಯ 10 ಮೆಗಾಬಿಟ್ ಈಥರ್ನೆಟ್‌ನಲ್ಲಿ ಸೆಕೆಂಡಿಗೆ 1 ಕೋಟಿ ಬಿಟ್‌ಗಳು ಒಂದರ ಹಿಂದೆ ಒಂದು ಸಾಗುತ್ತವೆ. ಒಂದು ಬಿಟ್‌ಗೆ ಸಿಗುವುದು 100 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಸಹ 30 ಮೀಟರ್ ಮಾತ್ರ ಹೋಗುತ್ತದೆ. ಕಳಿಸುವ ಚಿಪ್‌ಗೆ ಒಂದು ಗಡಿಯಾರ, ಪಡೆಯುವ ಚಿಪ್‌ಗೆ ಇನ್ನೊಂದು. ಎರಡೂ ತದ್ರೂಪ ಇರುವುದಿಲ್ಲ. ನಿಯಮವೇ 10,000ಕ್ಕೆ 1ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಕೈಗಡಿಯಾರವಾದರೆ ದಿನಕ್ಕೆ ಸುಮಾರು 9 ಸೆಕೆಂಡ್ ಅಷ್ಟೇ. ಆದರೆ ಒಂದು ಮುಂದೆ, ಒಂದು ಹಿಂದೆ ಓಡಿದರೆ, 1518 ಬೈಟ್‌ಗಳ ದೊಡ್ಡ ಸಂದೇಶ ಮುಗಿಯುವಷ್ಟರಲ್ಲಿ ಎರಡು ಬಿಟ್‌ಗೂ ಮೀರಿ ಅಂತರ ಬೀಳುತ್ತದೆ. ಒಂದು ಬಿಟ್ ತಪ್ಪಿದರೂ ಮುಂದಿನದೆಲ್ಲ ತಪ್ಪು.

ಇದಕ್ಕೆ ಮ್ಯಾಂಚೆಸ್ಟರ್ ಕೋಡಿಂಗ್ ಎಂಬ ಉಪಾಯವಿದೆ. ಪ್ರತಿ ಬಿಟ್‌ನ ನಡುವೆ ವೋಲ್ಟೇಜ್ ಬದಲಾಗಲೇಬೇಕು: ಏರಿದರೆ 1, ಇಳಿದರೆ 0. ಕವಾಯತಿನಲ್ಲಿ ಡ್ರಮ್ ಕೇಳಿ ಹೆಜ್ಜೆ ಸರಿಪಡಿಸಿಕೊಳ್ಳುತ್ತಿದ್ದೆವಲ್ಲ, ಹಾಗೆ ಪಡೆಯುವ ಚಿಪ್ ಪ್ರತಿ ಬದಲಾವಣೆಗೂ ತನ್ನ ತಾಳ ತಿದ್ದಿಕೊಳ್ಳುತ್ತದೆ.

ಆದರೆ ಮೊದಲ ತಾಳ ಹಿಡಿಯುವುದು ಹೇಗೆ? ಅದಕ್ಕೇ ಸಂದೇಶಕ್ಕೆ ಮುಂಚೆ 1, 0, 1, 0 ಎಂದು 56 ಬಿಟ್ ಕಳಿಸುತ್ತಾರೆ. ಅದರಲ್ಲಿ ವಿಷಯವೇನೂ ಇಲ್ಲ. ಮತ್ತೆ 8 ಬಿಟ್. ಅದರ ಕೊನೆಗೆ ಎರಡು 1 ಒಟ್ಟಿಗೆ ಬಂದರೆ ‘ಇನ್ನು ವಿಷಯ ಶುರು’ ಎಂದರ್ಥ. ಆ 56ರಲ್ಲಿ ಮೊದಲ ಕೆಲವು ಕಳೆದುಹೋದರೂ ಯಾರೂ ಅದನ್ನು ತಪ್ಪೆನ್ನುವುದಿಲ್ಲ.

ಇದನ್ನು ಓದಿದ ದಿನ ನನಗೆ ಪಿಯುಸಿ ನೆನಪಾಯಿತು. ವೇಗೋತ್ಕರ್ಷ ಏನೆಂದು ಈ ಶಾಲೆಯಲ್ಲೇ ಚೆನ್ನಾಗಿ ಕಲಿತಿದ್ದೆ. ‘ಆಕ್ಸಿಲರೇಷನ್’ ಎಂದರೆ ಅದೇ ಎಂದು ಹೊಳೆಯುವಷ್ಟರಲ್ಲಿ ಉಪನ್ಯಾಸಕರು ಮೂರು ವಾಕ್ಯ ಮುಂದೆ ಹೋಗಿರುತ್ತಿದ್ದರು. ಮೊದಲ ಪರೀಕ್ಷೆಯಲ್ಲಿ 50ಕ್ಕೆ 9 ಬಂತು. ನಾನು ಹೇಗೋ ಉಳಿದೆ. ನನ್ನೊಂದಿಗೆ ಇಲ್ಲಿಂದಲೇ ಹೋದ ಗೆಳೆಯ, ಲೆಕ್ಕದಲ್ಲಿ ನನಗಿಂತ ಜಾಣ, ದಸರಾ ರಜೆಗೆ ಊರಿಗೆ ಬಂದವನು ಮರಳಲಿಲ್ಲ. ತಲೆಗೆ ಹತ್ತಲಿಲ್ಲ ಎಂದರು ಜನ. ಅಲ್ಲ, ಅವನಿಗೆ ತಾಳ ಹಿಡಿಯಲು ಸಮಯ ಕೊಟ್ಟವರಿಲ್ಲ.

ಚಿಪ್‌ಗೆ ಕೊಡುವ 56 ಬಿಟ್‌ಗಳನ್ನು ನಮ್ಮ ಮಕ್ಕಳಿಗೂ ಕೊಡೋಣ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ಬೇಸಿಗೆಯಲ್ಲಿ ಎರಡು ವಾರ, ಕಲಿತ ವಿಜ್ಞಾನವನ್ನೇ ಎರಡೂ ಭಾಷೆಯ ಪದಗಳಲ್ಲಿ ಇನ್ನೊಮ್ಮೆ ಹೇಳಿಕೊಡೋಣ. ಹೊಸ ಪಾಠ ಬೇಡ. ಮುಖ್ಯೋಪಾಧ್ಯಾಯರು ಒಂದು ಕೊಠಡಿ ಕೊಟ್ಟರೆ ಸಾಕು. ಭೌತಶಾಸ್ತ್ರಕ್ಕೆ ನಾನು ರಜೆ ಹಾಕಿ ಬರುತ್ತೇನೆ. ಗಣಿತಕ್ಕೆ, ರಸಾಯನಶಾಸ್ತ್ರಕ್ಕೆ, ಜೀವಶಾಸ್ತ್ರಕ್ಕೆ ಈ ಸಭೆಯಲ್ಲಿ ಯಾರಿದ್ದೀರಿ? ಊಟಕ್ಕೆ ಏಳುವ ಮುಂಚೆ ನನಗೆ ಹೆಸರು ಕೊಡಿ.